1880ರ ತಲೆಮಾರಿನ ವಕೀಲರು: ಮೂರು ಊರು, ಮೂರು ದಾರಿ

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಇಪ್ಪತ್ತನೆಯ ಶತಮಾನದ ನಡುಭಾಗದವರೆಗಿನ ಕನ್ನಡನಾಡಿನಲ್ಲಿ ಸಾಹಿತ್ಯ, ರಂಗಭೂಮಿ, ಶಾಲೆಗಳ ಸ್ಥಾಪನೆ, ಸಹಕಾರಿ ಬ್ಯಾಂಕು, ಏಕೀಕರಣದ ಚಳವಳಿ ಇವುಗಳಲ್ಲಿ ಯಾವುದರ ಇತಿಹಾಸವನ್ನು ತೆರೆದರೂ ವಕೀಲರ ಹೆಸರುಗಳು ಸಾಲುಸಾಲಾಗಿ ಎದುರಾಗುತ್ತವೆ. ಇದನ್ನು ಆಯಾ ವ್ಯಕ್ತಿಗಳ ದೇಶಾಭಿಮಾನದಿಂದಲೋ ಭಾಷಾಭಿಮಾನದಿಂದಲೋ ವಿವರಿಸುವುದು ವಾಡಿಕೆಯಾಗಿದ್ದರೂ, ಅದೇ ಅಭಿಮಾನವಿದ್ದ ವೈದ್ಯರು, ಎಂಜಿನಿಯರುಗಳು ಮತ್ತು ಕಂದಾಯ ಇಲಾಖೆಯ ಅಧಿಕಾರಿಗಳು ಅಷ್ಟೇ ಸಂಖ್ಯೆಯಲ್ಲಿ ಏಕೆ ಕಾಣಿಸುವುದಿಲ್ಲ ಎಂಬ ಪ್ರಶ್ನೆಗೆ ಆ ವಿವರಣೆಯಲ್ಲಿ ಉತ್ತರವಿಲ್ಲ. ಉತ್ತರದ ಬಹುಪಾಲು ವಕೀಲಿ ವೃತ್ತಿಯ ಒಳರಚನೆಯಲ್ಲಿದೆ. ಆ ವೃತ್ತಿಯ ಆರಂಭದ ವರ್ಷಗಳು ಹೇಗೆ ಸಾಗುತ್ತಿದ್ದವು, ಅದರ ವರಮಾನ ಯಾರ ಕೈಯಿಂದ ಬರುತ್ತಿತ್ತು, ಅದು ಯಾವ ಬಿಡುವನ್ನೂ ಯಾವ ಅಭ್ಯಾಸಗಳನ್ನೂ ಕೊಡುತ್ತಿತ್ತು ಎಂಬುದನ್ನು ಗಮನಿಸಿದಾಗ ಮಾತ್ರ ವಕೀಲರ ಸಾರ್ವಜನಿಕ ಬದುಕು ಅರ್ಥವಾಗುತ್ತದೆ.

ಈ ಪರಿಶೀಲನೆಗೆ 1880ರಲ್ಲಿ ಹುಟ್ಟಿದ ಮೂವರು ಒಳ್ಳೆಯ ನಿದರ್ಶನವಾಗುತ್ತಾರೆ. ಬಳ್ಳಾರಿ ರಾಘವ ಎಂದು ಹೆಸರಾದ ತಾಡಿಪತ್ರಿ ರಾಘವಾಚಾರ್ಯರು, ವಚನಗಳ ಸಂಗ್ರಹಕಾರರಾದ ಫ. ಗು. ಹಳಕಟ್ಟಿಯವರು ಮತ್ತು ಏಕೀಕರಣದ ಮುಂದಾಳುಗಳಾದ ಆಲೂರು ವೆಂಕಟರಾಯರು ಒಂದೇ ವರ್ಷ ಜನಿಸಿ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಅಂದರೆ 1904-05ರ ಸುಮಾರಿಗೆ, ಕಾನೂನಿನ ಪದವಿ ಪಡೆದು ಕ್ರಮವಾಗಿ ಬಳ್ಳಾರಿ, ಬಿಜಾಪುರ ಮತ್ತು ಧಾರವಾಡಗಳಲ್ಲಿ ನೆಲೆನಿಂತರು. ವೃತ್ತಿಯ ಹೊಸ್ತಿಲಲ್ಲಿ ಒಂದೇ ಬಗೆಯವರಾಗಿದ್ದ ಈ ಮೂವರು ವೃತ್ತಿಯ ಹೊರಗಿನ ಬದುಕನ್ನು ಮೂರು ಬೇರೆ ಬೇರೆ ರೀತಿಯಲ್ಲಿ ಕಟ್ಟಿಕೊಂಡರು.

ಇವರು ಪ್ರವೇಶಿಸಿದ ವೃತ್ತಿ ಆಗ ಒಂದು ಶತಮಾನದಷ್ಟು ಹಳೆಯದು. ಕಾರ್ನ್‌ವಾಲಿಸನ ಕಾಲದಲ್ಲಿ, 1793ರಲ್ಲಿ, ಬಂಗಾಳದ ಕಂಪನಿ ನ್ಯಾಯಾಲಯಗಳಲ್ಲಿ ವಕೀಲರಿಗೆ ಸನದು ಕೊಡುವ, ಎಂದರೆ ವಾದಿಸುವ ಹಕ್ಕನ್ನು ಲಿಖಿತ ಪರವಾನಗಿಯ ಮೂಲಕ ನೀಡುವ ಪದ್ಧತಿ ಆರಂಭವಾಯಿತು. 1802ರಲ್ಲಿ ಮದರಾಸು ಪ್ರಾಂತವೂ 1827ರಲ್ಲಿ ಮುಂಬಯಿ ಪ್ರಾಂತವೂ ಅದೇ ಮಾದರಿಯ ನಿಯಮಗಳನ್ನು ತಂದವು. 1846ರ ಕಾಯಿದೆಯು ಯಾವುದೇ ಜನಾಂಗದವರು, ಯಾವುದೇ ಧರ್ಮದವರು ಅರ್ಹತೆಯಿದ್ದರೆ ವಕೀಲರಾಗಬಹುದೆಂದು ಸಾರಿತು. 1862ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಹೈಕೋರ್ಟುಗಳು ಸ್ಥಾಪನೆಯಾದ ಬಳಿಕ 1879ರ ಕಾನೂನು ವೃತ್ತಿಗಾರರ ಕಾಯಿದೆಯು ವೃತ್ತಿಯೊಳಗಿನ ಶ್ರೇಣಿಗಳನ್ನು ಇನ್ನಷ್ಟು ಸ್ಪಷ್ಟಗೊಳಿಸಿತು. ಇಂಗ್ಲೆಂಡಿನಲ್ಲಿ ಕಲಿತು ಬಂದ ಬ್ಯಾರಿಸ್ಟರ್ ಎಲ್ಲರಿಗಿಂತ ಮೇಲೆ. ಇಲ್ಲಿಯೇ ಪದವಿ ಪಡೆದು ಹೈಕೋರ್ಟಿನಲ್ಲಿ ಹೆಸರು ನೋಂದಾಯಿಸಿದ ವಕೀಲ ಅವನ ನಂತರ. ಪರೀಕ್ಷೆಯೊಂದನ್ನು ಮುಗಿಸಿ ಜಿಲ್ಲೆ-ತಾಲ್ಲೂಕುಗಳ ಕೋರ್ಟುಗಳಲ್ಲಿ ಮಾತ್ರ ನಡೆಸುವ ಪ್ಲೀಡರ್ ಅದಕ್ಕೂ ಕೆಳಗೆ. ಕಕ್ಷಿಗಾರನ ಪರವಾಗಿ ಕಾಗದಪತ್ರಗಳ ಕೆಲಸವನ್ನು ನೋಡಿಕೊಳ್ಳುವ ಮುಖ್ತ್ಯಾರ ಕೊನೆಯಲ್ಲಿ. ಸಮುದ್ರ ದಾಟುವ ಹಣವೂ ಅನುಕೂಲವೂ ಇಲ್ಲದ ಮಧ್ಯಮ ವರ್ಗದ ತರುಣನಿಗೆ ಎಟುಕುತ್ತಿದ್ದ ಎತ್ತರದ ಮೆಟ್ಟಿಲೆಂದರೆ ಪದವೀಧರ ವಕೀಲನ ಸ್ಥಾನ.

ಆ ಮೆಟ್ಟಿಲನ್ನು ಏರಲು ಕನ್ನಡದ ಹುಡುಗ ಮೊದಲು ಕನ್ನಡನಾಡನ್ನು ಬಿಟ್ಟು ಹೊರಡಬೇಕಿತ್ತು. ಮುಂಬಯಿ ಪ್ರಾಂತಕ್ಕೆ ಸೇರಿದ ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳವರು 1855ರಲ್ಲಿ ಆರಂಭವಾಗಿದ್ದ ಮುಂಬಯಿಯ ಸರ್ಕಾರಿ ಕಾನೂನು ಶಾಲೆಯ ಕಡೆಗೂ, ಮದರಾಸು ಪ್ರಾಂತದ ಬಳ್ಳಾರಿಯವರು 1891ರಲ್ಲಿ ಸ್ಥಾಪನೆಯಾದ ಮದರಾಸು ಲಾ ಕಾಲೇಜಿನ ಕಡೆಗೂ ಮುಖ ಮಾಡಿದರು. ಬೆಳಗಾವಿಯಲ್ಲಿ ಲಾ ಕಾಲೇಜು ತೆರೆದದ್ದು 1939ರಲ್ಲಿ, ಬೆಂಗಳೂರಿನಲ್ಲಿ ಸರ್ಕಾರಿ ಲಾ ಕಾಲೇಜು ಬಂದದ್ದು 1948ರಲ್ಲಿ. ಆದ್ದರಿಂದಲೇ ಮುಂದಿನ ತಲೆಮಾರಿನ ಎಸ್. ನಿಜಲಿಂಗಪ್ಪ ಮತ್ತು ಕೆಂಗಲ್ ಹನುಮಂತಯ್ಯ ಇಬ್ಬರೂ ಕಾನೂನನ್ನು ಓದಿದ್ದು ಪುಣೆಯಲ್ಲಿ. ಈ ದೂರಪ್ರಯಾಣದ ಪರಿಣಾಮ ಕಾನೂನಿನ ಜ್ಞಾನಕ್ಕಷ್ಟೇ ಸೀಮಿತವಾಗಿರಲಿಲ್ಲ. ಮುಂಬಯಿಯಲ್ಲಿ ಮರಾಠಿ ಮತ್ತು ಗುಜರಾತಿ ಪತ್ರಿಕೆಗಳು, ಪುಸ್ತಕಗಳು, ನಾಟಕ ಮಂದಿರಗಳು ಬೆಳೆಯುತ್ತಿದ್ದ ಪರಿಯನ್ನು ಹಳಕಟ್ಟಿಯವರು ಕಣ್ಣಾರೆ ಕಂಡರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಆಲೂರರು ತಿಲಕರ ಪ್ರಭಾವದ ನಡುವೆ ಬೆಳೆದರು. ಪರಭಾಷೆಯವರ ಸಂಪತ್ತಿನ ಎದುರಿನಲ್ಲಿ ತಮ್ಮ ಭಾಷೆಯ ಬಡತನವನ್ನು ಅಳೆದುಕೊಳ್ಳುವ ಅವಕಾಶವನ್ನು ಈ ತಲೆಮಾರಿಗೆ ಒದಗಿಸಿದ್ದು ಕಾನೂನಿನ ಓದೇ.

ಪದವಿಯೊಡನೆ ಊರಿಗೆ ಮರಳಿದವನ ಮುಂದೆ ಕಾಯುವಿಕೆಯ ವರ್ಷಗಳಿದ್ದವು. ಹೊಸ ವಕೀಲನು ಸಾಮಾನ್ಯವಾಗಿ ಅನುಭವಿ ವಕೀಲರೊಬ್ಬರ ಕಚೇರಿಗೆ ಜೂನಿಯರ್ ಆಗಿ, ಎಂದರೆ ಕಿರಿಯ ಸಹಾಯಕನಾಗಿ ಸೇರುತ್ತಿದ್ದನು. ಅರ್ಜಿಗಳ ಕರಡು ಬರೆಯುವುದು, ದಸ್ತಾವೇಜುಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸುವುದು, ಹಿರಿಯರು ಇನ್ನೊಂದು ಕೋರ್ಟಿನಲ್ಲಿದ್ದಾಗ ನಿಂತು ವಾಯಿದೆ ಕೇಳುವುದು, ಅಂದರೆ ವಿಚಾರಣೆಯನ್ನು ಮುಂದಿನ ದಿನಾಂಕಕ್ಕೆ ಹಾಕಿಸುವುದು ಅವನ ಪಾಲಿನ ಕೆಲಸ. ಇದಕ್ಕೆ ಗೊತ್ತಾದ ಸಂಬಳವಿರಲಿಲ್ಲ. ಸ್ವಂತ ಹೆಸರಿನ ಮೇಲೆ ವಕಾಲತ್ತು, ಎಂದರೆ ಕಕ್ಷಿಗಾರನು ವಕೀಲನಿಗೆ ಬರೆದುಕೊಡುವ ಅಧಿಕಾರಪತ್ರ, ಬರಬೇಕಾದರೆ ಊರಿನ ವ್ಯಾಪಾರಿಗಳ, ಇನಾಮುದಾರರ, ಶಾನುಭೋಗ-ಕುಲಕರ್ಣಿಗಳ ವಿಶ್ವಾಸ ಬೇಕಿತ್ತು. ಆ ವಿಶ್ವಾಸವನ್ನು ಗಳಿಸಲು ಜಾಹೀರಾತಿಗೆ ವೃತ್ತಿಯ ಮರ್ಯಾದೆ ಅವಕಾಶ ಕೊಡುತ್ತಿರಲಿಲ್ಲ. ಆದ್ದರಿಂದ ತರುಣ ವಕೀಲನು ನಾಲ್ಕು ಜನರ ಕಣ್ಣಿಗೆ ಬೀಳಬೇಕಾದರೆ ವಾಚನಾಲಯ, ಪುರಸಭೆ, ಶಾಲೆಯ ಆಡಳಿತ ಮಂಡಳಿ, ಗಣೇಶೋತ್ಸವದ ಭಾಷಣ, ನಾಟಕ ಇವೇ ದಾರಿಗಳಾದವು. ಸಾರ್ವಜನಿಕ ಕೆಲಸವು ವೃತ್ತಿಗೆ ಅಡ್ಡಿಯಾಗುವ ಬದಲು ಆರಂಭದಲ್ಲಿ ವೃತ್ತಿಯ ಒಂದು ಅಂಗವೇ ಆಗಿತ್ತೆಂಬ ಈ ಸಂಗತಿಯನ್ನು ಮರೆತರೆ ಮುಂದಿನ ಕಥೆ ಕೇವಲ ತ್ಯಾಗದ ಕಥೆಯಾಗಿ ತೋರುತ್ತದೆ.

ವೃತ್ತಿ ಕೊಡುತ್ತಿದ್ದ ಇನ್ನೂ ಮೂರು ಅನುಕೂಲಗಳನ್ನು ಇಲ್ಲಿ ಹೇಳಬೇಕು. ಸಿವಿಲ್ ಕೋರ್ಟುಗಳು ಬೇಸಿಗೆಯಲ್ಲಿ ವಾರಗಟ್ಟಲೆ ಮುಚ್ಚಿರುತ್ತಿದ್ದುದರಿಂದ ವಕೀಲನಿಗೆ ಪ್ರವಾಸಕ್ಕೂ ಬರವಣಿಗೆಗೂ ನಾಟಕದ ತಾಲೀಮಿಗೂ ಅಖಂಡವಾದ ಬಿಡುವು ಸಿಗುತ್ತಿತ್ತು. ಅವನ ಆದಾಯ ಕಕ್ಷಿಗಾರರಿಂದ ಬರುತ್ತಿದ್ದುದರಿಂದ, ಪತ್ರಿಕೆಗಳಿಗೆ ಬರೆಯಲೂ ಸಭೆಗಳಲ್ಲಿ ಮಾತನಾಡಲೂ ಮೇಲಧಿಕಾರಿಯ ಅಪ್ಪಣೆ ಕೇಳಬೇಕಾಗಿದ್ದ ಸರ್ಕಾರಿ ನೌಕರನ ಕಟ್ಟುಪಾಡು ಅವನಿಗೆ ಇರಲಿಲ್ಲ. ಮೂರನೆಯದಾಗಿ, ಕಕ್ಷಿಗಾರನೊಡನೆ ಆಡುಮಾತು, ಸಾಕ್ಷಿಯೊಡನೆ ಪಾಟೀಸವಾಲಿನ ಮಾತು, ನ್ಯಾಯಾಧೀಶರೊಡನೆ ಇಂಗ್ಲಿಷು, ಹಳೆಯ ಪತ್ರಗಳಲ್ಲಿ ಮೋಡಿ ಲಿಪಿಯೋ ಪರ್ಷಿಯನ್ ಪದಗಳೋ ಎಂದು ಹಲವು ಭಾಷಾರೂಪಗಳ ನಡುವೆ ದಿನವಿಡೀ ಓಡಾಡುತ್ತಿದ್ದ ಅವನಿಗೆ ಮಾತಿನ ಮೇಲೆಯೂ ಕಾಗದದ ಮೇಲೆಯೂ ಹಿಡಿತ ಬರುತ್ತಿತ್ತು. ಪಾಟೀಸವಾಲು ಎಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನೆಗಳಿಂದ ಪರೀಕ್ಷಿಸುವುದು. ಅದರಲ್ಲಿ ದನಿಯ ಏರಿಳಿತ, ಮೌನದ ಬಳಕೆ, ಎದುರಿನವನ ಮುಖವನ್ನು ಓದುವ ಜಾಣತನ ಎಲ್ಲವೂ ಬೇಕಾಗುತ್ತವೆ.

ಈ ಕೊನೆಯ ಅನುಕೂಲ ಬಳ್ಳಾರಿಯಲ್ಲಿ ರಂಗಭೂಮಿಯಾಗಿ ಬೆಳೆಯಿತು. 1800ರಲ್ಲಿ ನಿಜಾಮನಿಂದ ಕಂಪನಿಗೆ ಬಂದ ದತ್ತ ಮಂಡಲದ ಭಾಗವಾದ ಬಳ್ಳಾರಿಯು ಕನ್ನಡ ಮತ್ತು ತೆಲುಗು ಎರಡೂ ನಡೆಯುವ ಊರು. ಜೊತೆಗೆ ದಂಡಿನ ಪ್ರದೇಶ, ರೈಲು ನಿಲ್ದಾಣ, ಜಿಲ್ಲಾ ನ್ಯಾಯಾಲಯಗಳಿದ್ದ ಪಟ್ಟಣ. ಅಲ್ಲಿಯ ವಕೀಲರಾದ ಧರ್ಮವರಂ ರಾಮಕೃಷ್ಣಮಾಚಾರ್ಯರು (1853-1912) 1880ರ ದಶಕದಲ್ಲಿ ಸರಸ ವಿನೋದಿನಿ ಸಭೆಯನ್ನು ಕಟ್ಟಿದರು. ತೆಲುಗು ನಾಟಕದ ಪಿತಾಮಹರೆಂದು ಮುಂದೆ ಹೆಸರಾದ ಅವರ ಮೊದಲ ನಾಟಕ 'ಸ್ವಪ್ನಾನಿರುದ್ಧ' ರಚನೆಯಾದದ್ದು ಕನ್ನಡದಲ್ಲಿ. 'ಚಿತ್ರನಳೀಯಂ' ಮೊದಲಾದ ತೆಲುಗು ನಾಟಕಗಳು ಆಮೇಲಿನವು. ಅದೇ ಊರಿನ ಇನ್ನೊಬ್ಬ ವಕೀಲರಾದ ಕೋಲಾಚಲಂ ಶ್ರೀನಿವಾಸರಾಯರು (1854-1919) ಸುಮನೋರಮ ಸಭೆಯನ್ನು ನಡೆಸಿದರು. ಹಂಪಿಯ ಪಕ್ಕದ ಕಮಲಾಪುರದ ಕಡೆಯವರಾದ ಅವರು ವಿಜಯನಗರದ ಪತನವನ್ನು ವಸ್ತುವಾಗಿಸಿಕೊಂಡ 'ರಾಮರಾಜು ಚರಿತ್ರ'ವನ್ನು ಬರೆದು ಐತಿಹಾಸಿಕ ನಾಟಕಕ್ಕೆ ದಾರಿ ತೆರೆದರು. ಒಂದೇ ಕೋರ್ಟಿನಲ್ಲಿ ವಾದಿಸುವ ಇಬ್ಬರು ವಕೀಲರ ಎರಡು ಸಭೆಗಳ ನಡುವಿನ ಪೈಪೋಟಿ ಬಳ್ಳಾರಿಯ ಪ್ರೇಕ್ಷಕರಿಗೆ ಲಾಭವನ್ನೇ ತಂದಿತು.

ಈ ಸಭೆಗಳು ಟಿಕೆಟ್ಟಿನ ಹಣದಿಂದ ಹೊಟ್ಟೆ ಹೊರೆಯುವ ವೃತ್ತಿ ಕಂಪನಿಗಳಾಗಿರಲಿಲ್ಲ. ನಾಟಕದವರೆಂದರೆ ಹಗುರವಾಗಿ ಕಾಣುತ್ತಿದ್ದ ಕಾಲದಲ್ಲಿ, ಕೋರ್ಟಿನಲ್ಲಿ ಗೌರವವಿದ್ದವರು ಬಣ್ಣ ಹಚ್ಚಿ ನಿಂತದ್ದೇ ನಟನೆಗೆ ಸಾಮಾಜಿಕ ಮನ್ನಣೆಯನ್ನು ತಂದುಕೊಟ್ಟಿತು. 1891ರಲ್ಲಿ ಸರಸ ವಿನೋದಿನಿ ಸಭೆ ಮದರಾಸಿಗೆ ಹೋಗಿ ಆಡಿದ ನಾಟಕಗಳನ್ನು ನೋಡಿದ ಪಮ್ಮಲ್ ಸಂಬಂಧ ಮುದಲಿಯಾರ್ ಎಂಬ ವಿದ್ಯಾರ್ಥಿ ಅದೇ ವರ್ಷ ಗೆಳೆಯರೊಡಗೂಡಿ ಸುಗುಣ ವಿಲಾಸ ಸಭೆಯನ್ನು ಸ್ಥಾಪಿಸಿದರು. ಆಧುನಿಕ ತಮಿಳು ರಂಗಭೂಮಿಯ ಪ್ರವರ್ತಕರೆನಿಸಿದ ಅವರೂ ಮುಂದೆ ವಕೀಲರಾಗಿ, ನ್ಯಾಯಾಧೀಶರೂ ಆದರು. ಹೀಗೆ ಒಂದು ಜಿಲ್ಲಾ ಕೇಂದ್ರದ ವಕೀಲರ ಹವ್ಯಾಸವು ಕನ್ನಡ, ತೆಲುಗು, ತಮಿಳು ಮೂರು ಭಾಷೆಗಳ ರಂಗಚರಿತ್ರೆಯಲ್ಲಿ ಸ್ಥಾನ ಪಡೆಯಿತು.

ರಾಘವರು ಧರ್ಮವರಂ ಆಚಾರ್ಯರ ಸೋದರಳಿಯ. ಮದರಾಸಿನಲ್ಲಿ ಕಾನೂನು ಮುಗಿಸಿ ಬಂದ ಅವರು ಬಳ್ಳಾರಿಯಲ್ಲಿ ಕ್ರಿಮಿನಲ್ ಮೊಕದ್ದಮೆಗಳ ವಕೀಲರಾಗಿ ಹೆಸರು ಮಾಡಿ ಪಬ್ಲಿಕ್ ಪ್ರಾಸಿಕ್ಯೂಟರ್ ಹುದ್ದೆಯನ್ನೂ, ಎಂದರೆ ಅಪರಾಧ ಪ್ರಕರಣಗಳಲ್ಲಿ ಸರ್ಕಾರದ ಪರವಾಗಿ ವಾದಿಸುವ ಹೊಣೆಯನ್ನೂ ನಿರ್ವಹಿಸಿದರು. 'ರಾಮರಾಜು ಚರಿತ್ರ'ದ ಪಠಾಣ ರುಸ್ತುಂ, ಹರಿಶ್ಚಂದ್ರ, ದುರ್ಯೋಧನ ಮುಂತಾದ ಪಾತ್ರಗಳಲ್ಲಿ ಅವರು ತಂದ ಹೊಸತನವೆಂದರೆ, ಉದ್ದುದ್ದ ರಾಗಾಲಾಪನೆಗೆ ಒಲಿದಿದ್ದ ರಂಗದ ಮೇಲೆ ಮಾತಿಗೂ ಮುಖಭಾವಕ್ಕೂ ಮೊದಲ ಸ್ಥಾನ ಕೊಟ್ಟದ್ದು. ಸಾಕ್ಷಿಯ ಮಾತನ್ನೂ ಮೌನವನ್ನೂ ಅಳೆಯುವ ಕ್ರಿಮಿನಲ್ ವಕೀಲನ ಅಭ್ಯಾಸಕ್ಕೂ ಈ ನಟನಾ ಕ್ರಮಕ್ಕೂ ಹೊಂದಿಕೆಯಿರುವುದು ಸಹಜ. ಷೇಕ್ಸ್‌ಪಿಯರನ ಪಾತ್ರಗಳನ್ನು ಇಂಗ್ಲಿಷಿನಲ್ಲಿಯೇ ಅಭಿನಯಿಸಿದ ಅವರು, 1909ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ನಿನ ವೇದಿಕೆಯಲ್ಲಿಯೂ ಕಾಣಿಸಿಕೊಂಡರು. 1920ರ ದಶಕದ ಕೊನೆಯಲ್ಲಿ ಇಂಗ್ಲೆಂಡಿಗೆ ಹೋಗಿ ಬರ್ನಾರ್ಡ್ ಷಾ ಅವರನ್ನು ಭೇಟಿಯಾದರು. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ಮಾಡಬೇಕೆಂದು ಹಟ ಹಿಡಿದು, ವಿದ್ಯಾವಂತ ಮಹಿಳೆಯರನ್ನು ರಂಗಕ್ಕೆ ತಂದರು. 1946ರಲ್ಲಿ ತೀರಿಕೊಳ್ಳುವವರೆಗೆ ಅವರು ನಟನೆಯನ್ನು ಜೀವನೋಪಾಯವಾಗಿ ಮಾಡಿಕೊಳ್ಳಲಿಲ್ಲ. ವಕೀಲಿಯ ಗಳಿಕೆ ರಂಗಕ್ಕೆ ಹರಿಯಿತೇ ಹೊರತು ರಂಗದ ಗಳಿಕೆಗಾಗಿ ವಕೀಲಿಯನ್ನು ಬಿಡುವ ಅಗತ್ಯ ಬೀಳಲಿಲ್ಲ. ಎರಡೂ ಕೊನೆಯವರೆಗೆ ಜೊತೆಜೊತೆಯಾಗಿ ಸಾಗಿದ ದಾರಿ ಇದು.

ಬಿಜಾಪುರದಲ್ಲಿ ಹಳಕಟ್ಟಿಯವರ ದಾರಿ ಬೇರೆಯಾಗಿತ್ತು. ಬೆಳಗಾವಿಯಲ್ಲಿ ವಕೀಲಿಯನ್ನು ಆರಂಭಿಸಿ ಬಿಜಾಪುರಕ್ಕೆ ಬಂದ ಅವರು ಅಲ್ಲಿ ಸರ್ಕಾರಿ ವಕೀಲರೂ ಆದರು. ಮಳೆ ಕಡಿಮೆಯಾದ, ಬರ ಪದೇ ಪದೇ ಕಾಡುತ್ತಿದ್ದ ಆ ಜಿಲ್ಲೆಯಲ್ಲಿ ಕೋರ್ಟಿಗೆ ಬರುವ ದಾವೆಗಳಲ್ಲಿ ಸಾಲದ ದಾವೆಗಳು ಸಹಜವಾಗಿಯೇ ಬಹಳ. ಓದುಬರಹ ಬಾರದ ರೈತನು ಬರೆದುಕೊಟ್ಟ ಪತ್ರವೇ ಅವನ ಭೂಮಿಯನ್ನು ಕಳೆಯುವುದನ್ನು ಕಾಣುವ ಅವಕಾಶ ವಕೀಲನಿಗಿಂತ ಹೆಚ್ಚಾಗಿ ಬೇರೆ ಯಾರಿಗೂ ಇರಲಿಲ್ಲ. 1910ರಲ್ಲಿ ಹಳಕಟ್ಟಿಯವರ ಮುಂದಾಳುತನದಲ್ಲಿ ಬಿಜಾಪುರ ಜಿಲ್ಲೆಯ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯೂ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕೂ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ: ಒಂದು ಅನಕ್ಷರತೆಗೆ, ಇನ್ನೊಂದು ಬಡ್ಡಿಯ ಹೊರೆಗೆ ಕಂಡುಕೊಂಡ ಪರಿಹಾರ.

ಅವರ ಹೆಸರನ್ನು ಉಳಿಸಿದ್ದು ಮಾತ್ರ ತಾಳೆಗರಿಗಳ ಕೆಲಸ. ಹನ್ನೆರಡನೆಯ ಶತಮಾನದ ಶರಣರ ವಚನಗಳು ಮಠಗಳಲ್ಲಿಯೂ ಮನೆಗಳ ಜಗಲಿಗಳಲ್ಲಿಯೂ ಗರಿಗಳ ಕಟ್ಟುಗಳಾಗಿ ಪೂಜೆಗೊಳ್ಳುತ್ತಿದ್ದವೇ ಹೊರತು ಓದುಗರಿಗೆ ಸಿಗುತ್ತಿರಲಿಲ್ಲ. ವಿದ್ಯಾರ್ಥಿಯಾಗಿದ್ದಾಗಲೇ ರಬಕವಿಯಲ್ಲಿ ಇಂತಹ ಕಟ್ಟುಗಳನ್ನು ಕಂಡಿದ್ದ ಹಳಕಟ್ಟಿಯವರು ಕೋರ್ಟಿನ ಬಿಡುವಿನಲ್ಲಿ ಊರೂರು ತಿರುಗಿ ಅವನ್ನು ಸಂಗ್ರಹಿಸಿ, ಒಂದು ಪ್ರತಿಯ ಪಾಠವನ್ನು ಇನ್ನೊಂದರೊಡನೆ ಹೋಲಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. ವಚನಗಳನ್ನು ಕರ್ತೃಗಳ ಅನುಸಾರವಾಗಿ ಇಡದೆ ವಿಷಯಗಳ ಅನುಸಾರವಾಗಿ ತಲೆಬರಹಗಳ ಕೆಳಗೆ ವಿಂಗಡಿಸಿದ ಆ ಗ್ರಂಥದ ವ್ಯವಸ್ಥೆಯಲ್ಲಿ, ಸಾಕ್ಷ್ಯಗಳನ್ನು ವಿವಾದಾಂಶಗಳ ಕೆಳಗೆ ಹೊಂದಿಸಿಡುವ ವಕೀಲನ ಕ್ರಮದ ಗುರುತನ್ನು ಕಾಣಬಹುದು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ವಂತ ಮನೆಯನ್ನು ಮಾರಿದ ಹಣದಿಂದ ಕಟ್ಟಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನೂ ಮರುವರ್ಷ 'ನವಕರ್ನಾಟಕ' ವಾರಪತ್ರಿಕೆಯನ್ನೂ ಆರಂಭಿಸಿದರು. ಬಳ್ಳಾರಿಯಲ್ಲಿ 1926ರಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಬಂದಿತು. ಇಲ್ಲಿ ವೃತ್ತಿಯು ಹೊರಗಿನ ಕೆಲಸವನ್ನು ಮೊದಲು ಪೋಷಿಸಿತು. ಬರಬರುತ್ತ ಆ ಕೆಲಸವೇ ವೃತ್ತಿಯನ್ನು ನುಂಗಿಕೊಂಡಿತು.

ಆಲೂರು ವೆಂಕಟರಾಯರು ಮೂರನೆಯ ದಾರಿಯನ್ನು ಹಿಡಿದವರು. ಧಾರವಾಡದಲ್ಲಿ 1890ರಲ್ಲಿಯೇ ಸ್ಥಾಪನೆಯಾಗಿದ್ದ ಕರ್ನಾಟಕ ವಿದ್ಯಾವರ್ಧಕ ಸಂಘವು ಅವರಿಗೆ ಸಿದ್ಧವಾದ ವೇದಿಕೆಯಾಗಿತ್ತು. ವಕೀಲರಾಗಿ ನೆಲೆಯೂರುವ ಮೊದಲೇ, 1905ರಲ್ಲಿ ಹಂಪಿ-ಆನೆಗೊಂದಿಗಳನ್ನು ನೋಡಿಬಂದದ್ದು ಅವರ ಬಾಳಿನ ಗುರಿಯನ್ನು ಬದಲಿಸಿತು. ಅದೇ ವರ್ಷ ಬಂಗಾಳದ ವಿಭಜನೆಯ ವಿರುದ್ಧ ಎದ್ದ ಸ್ವದೇಶಿ ಚಳವಳಿ ಅವರನ್ನು ಸಂಘದ 'ವಾಗ್ಭೂಷಣ' ಪತ್ರಿಕೆಯ ಸಂಪಾದನೆ, ರಾಷ್ಟ್ರೀಯ ಶಾಲೆಯ ನಿರ್ವಹಣೆ, ಇತಿಹಾಸ ಸಂಶೋಧನೆಗಳ ಕಡೆಗೆ ಸೆಳೆಯಿತು. ವಕೀಲಿ ಬೇಗನೆ ಹಿಂದೆ ಸರಿಯಿತು. 1917ರಲ್ಲಿ ಹೊರಬಂದ 'ಕರ್ನಾಟಕ ಗತವೈಭವ'ವನ್ನು ಒಂದು ವಾದಪತ್ರದಂತೆ ಓದಬಹುದು: ಹಲವು ಆಡಳಿತಗಳಲ್ಲಿ ಹಂಚಿಹೋದ ಒಂದು ಜನಕ್ಕೆ ತನ್ನ ಆಸ್ತಿಯ ಮೇಲಿರುವ ಹಕ್ಕನ್ನು ಶಾಸನ, ನಾಣ್ಯ, ಕಾವ್ಯಗಳೆಂಬ ದಾಖಲೆಗಳ ಮೂಲಕ ಸ್ಥಾಪಿಸುವ ಪ್ರಯತ್ನ ಅದರ ಪುಟಪುಟದಲ್ಲಿದೆ. 1922ರಲ್ಲಿ ಅವರು 'ಜಯ ಕರ್ನಾಟಕ'ವನ್ನು ಆರಂಭಿಸಿದರು. 1930ರ ಮೈಸೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕೋರ್ಟಿನ ವರಮಾನವಿಲ್ಲದೆ ನಡೆಸಿದ ಈ ಬದುಕಿನಲ್ಲಿ ಹಣದ ಮುಗ್ಗಟ್ಟು ತಪ್ಪಲಿಲ್ಲ. ರಾಘವರಿಗೆ ಇದ್ದ ನೆಮ್ಮದಿಯನ್ನು ಈ ದಾರಿ ಕೊಡುವಂತಿರಲಿಲ್ಲ.

1920ರ ಅಸಹಕಾರ ಚಳವಳಿಯು ಈ ಮೂರು ದಾರಿಗಳ ನಡುವಿನ ಆಯ್ಕೆಯನ್ನು ಇಡೀ ವಕೀಲವರ್ಗದ ಮುಂದೆ ಪ್ರಶ್ನೆಯಾಗಿ ಇಟ್ಟಿತು. ಅಲ್ಲಿಯವರೆಗೆ ಕೋರ್ಟು ಮತ್ತು ಸಾರ್ವಜನಿಕ ಜೀವನ ಒಂದಕ್ಕೊಂದು ನೆರವಾಗಿದ್ದವು. ಬ್ರಿಟಿಷ್ ನ್ಯಾಯಾಲಯಗಳನ್ನು ಬಹಿಷ್ಕರಿಸಬೇಕೆಂಬ ಕಾಂಗ್ರೆಸ್ಸಿನ ಕರೆಯಿಂದ ಅವು ಎದುರುಬದುರಾದವು. ಮಂಗಳೂರಿನ ಕಾರ್ನಾಡು ಸದಾಶಿವರಾಯರು (1881-1937) ಇದೇ ತಲೆಮಾರಿನ ವಕೀಲರು. ಸಿರಿವಂತ ಮನೆತನದವರಾದ ಅವರು ವೃತ್ತಿಯನ್ನೂ ಆಸ್ತಿಯನ್ನೂ ಚಳವಳಿಗೆ ತೆತ್ತು, ಕಡೆಗಾಲವನ್ನು ಬಡತನದಲ್ಲಿ ಕಳೆದರು. ಇತ್ತ ರಾಘವರಿಗೆ 1933ರಲ್ಲಿ ಸರ್ಕಾರದಿಂದ ರಾವ್ ಬಹದ್ದೂರ್ ಬಿರುದು ಬಂದಿತು. ಒಂದೇ ಕಾಲದ ಇಬ್ಬರು ವಕೀಲರ ಬಾಳಿನ ಈ ಅಂತರವನ್ನು ಧೈರ್ಯ-ಅಧೈರ್ಯಗಳ ಲೆಕ್ಕದಲ್ಲಿ ಅಳೆಯುವುದು ಸರಿಯಲ್ಲ. ಹವ್ಯಾಸಕ್ಕೆ ವೃತ್ತಿಯ ಆಸರೆ ಬೇಕು, ಬಹಿಷ್ಕಾರಕ್ಕೆ ಅದರ ತ್ಯಾಗ ಬೇಕು ಎಂಬ ವ್ಯತ್ಯಾಸವೇ ಇಲ್ಲಿ ಮುಖ್ಯವಾದದ್ದು.

ಈ ಇತಿಹಾಸದ ಮಿತಿಗಳನ್ನೂ ಗುರುತಿಸಬೇಕು. ಕಾಯುವಿಕೆಯ ವರ್ಷಗಳು ಫಲ ಕೊಡಬೇಕಾದರೆ ಆ ವರ್ಷಗಳಲ್ಲಿ ಅನ್ನ ಹಾಕುವ ಮನೆಯಿರಬೇಕಿತ್ತು. ಭೂಮಿಯೋ ವಿದ್ಯೆಯ ಪರಂಪರೆಯೋ ಇದ್ದ ಜಾತಿಗಳವರಿಗೆ ಮಾತ್ರ ಅಂತಹ ಆಸರೆ ಸುಲಭವಾಗಿ ಸಿಗುತ್ತಿತ್ತು. ಮಹಿಳೆಯರಿಗೆ ಈ ವೃತ್ತಿಯ ಬಾಗಿಲು ತೆರೆದದ್ದು 1923ರ ಕಾಯಿದೆಯಿಂದ. ಅದುವರೆಗೆ ಹೆಣ್ಣು ಕೋರ್ಟಿನಲ್ಲಿ ಕಕ್ಷಿಗಾರಳಾಗಿ, ಸಾಕ್ಷಿಯಾಗಿ ನಿಲ್ಲಬಹುದಾಗಿತ್ತು, ಸಾಮಾನ್ಯವಾಗಿ ವಾದಿಸುವಂತಿರಲಿಲ್ಲ. ವಕೀಲರ ನಾಟಕ ಸಭೆಗಳಲ್ಲಿಯೂ ಅವಳ ಪಾತ್ರವನ್ನು ಗಂಡಸೇ ಆಡುತ್ತಿದ್ದನು. ರಾಘವರ ಹಟದ ಮಹತ್ವ ಈ ಹಿನ್ನೆಲೆಯಲ್ಲಿ ಇನ್ನಷ್ಟು ಸ್ಪಷ್ಟವಾಗುತ್ತದೆ.

ಮುಂದೆ ವೃತ್ತಿಯ ರಚನೆಯೇ ಬದಲಾಯಿತು. 1926ರ ವಕೀಲರ ಪರಿಷತ್ತುಗಳ ಕಾಯಿದೆಯು ಬ್ಯಾರಿಸ್ಟರ್-ವಕೀಲರ ನಡುವಿನ ಭೇದವನ್ನು ತಗ್ಗಿಸಿತು. 1961ರ ಅಡ್ವೊಕೇಟರ ಕಾಯಿದೆಯು ಹಳೆಯ ಶ್ರೇಣಿಗಳನ್ನು ತೆಗೆದು ಎಲ್ಲರನ್ನೂ ಅಡ್ವೊಕೇಟ್ ಎಂಬ ಒಂದೇ ವರ್ಗಕ್ಕೆ ತಂದಿತು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಎರಡು ಭಾಷೆಗಳ ಆ ರಂಗಪರಂಪರೆಯನ್ನು ತೆಲುಗಿನ ಚರಿತ್ರೆಕಾರರು ತಮ್ಮದೆಂದು ವಿವರವಾಗಿ ಬರೆದರು, ಕನ್ನಡದ ಚರಿತ್ರೆಕಾರರು ಅದನ್ನು ಅಂಚಿನಲ್ಲಿಟ್ಟರು. ಆಲೂರರೂ ಹಳಕಟ್ಟಿಯವರೂ 1964ರಲ್ಲಿ, ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಳ್ಳುವ ಹೊತ್ತಿಗೆ, ಏಕೀಕೃತ ರಾಜ್ಯದಲ್ಲಿ ಸಾಹಿತ್ಯ ಮತ್ತು ಸಂಶೋಧನೆಗಳ ಹೊಣೆ ಬಹುಮಟ್ಟಿಗೆ ವಿಶ್ವವಿದ್ಯಾನಿಲಯಗಳ ಅಧ್ಯಾಪಕರ ಕೈಗೆ ಬಂದಿತ್ತು. ಸಂಬಳ ಪಡೆದು ಮಾಡುವ ಆ ಕೆಲಸಕ್ಕೆ ಶಿಸ್ತೂ ಸಾತತ್ಯವೂ ಬಂದವು. ಆದರೆ ಅಧ್ಯಾಪಕರು ಸಂಪಾದಿಸಿ ಶುದ್ಧಗೊಳಿಸಿದ ವಚನಗಳ ಗರಿಗಳನ್ನು ಮೊದಲು ಹುಡುಕಿ ತಂದವರು, ಅವರು ಪಾಠ ಹೇಳಿದ ಪ್ರಾಂತದ ಕಲ್ಪನೆಯನ್ನು ಮೊದಲು ವಾದಿಸಿದವರು, ಸಂಬಳವನ್ನೂ ಅಪ್ಪಣೆಯನ್ನೂ ಕಾಯದೆ ಕೆಲಸಕ್ಕೆ ಇಳಿಯಬಲ್ಲ ವೃತ್ತಿಯೊಂದರ ತರುಣರು. ಅವರ ವೃತ್ತಿಯ ಅನಿಶ್ಚಿತತೆಯೇ ಅವರ ಸ್ವಾತಂತ್ರ್ಯಕ್ಕೂ ಆಧಾರವಾಗಿತ್ತು.